ಗದ್ದದ ಮೇಲಿನ ಕೈ

ಮಾರ್ಚ್ 3, ಸೋಮವಾರ

ಇವತ್ತಿನ ಎಣಿಕೆ: ಗದ್ದದ ಮೇಲೆ ಏಳು, ಎಡದವಡೆಯ ಕೆಳಗೆ ನಾಲ್ಕು, ತುಟಿಯ ಬಲತುದಿಯಲ್ಲಿ ಒಂದು. ಒಂದೇ ಆದರೂ ಮಿಕ್ಕ ಹನ್ನೊಂದಕ್ಕೂ ತಾನೇ ಯಜಮಾನ ಅನ್ನುವ ಹಾಗೆ ಕೂತಿದೆ.

"ಹದಿನಾರಕ್ಕೆ ಬರಬೇಕಾದ್ದು ನಿನಗೆ ಮೂವತ್ತೆರಡಕ್ಕೆ ಬಂದಿದೆ. ಎಲ್ಲದರಲ್ಲೂ ನೀನು ತಡವೇ ಬಿಡು" ಅಂದಳು ಅಮ್ಮ. ತಮಾಷೆಗೇ ಅಂದಿದ್ದು. ನನಗೆ ನಗು ಬರಲಿಲ್ಲ.

ಬೇರೆ ಕೆಲಸದಲ್ಲಿದ್ದಿದ್ದರೆ ಇಷ್ಟು ಉರಿಯುತ್ತಿರಲಿಲ್ಲವೇನೋ. ನಾನು ಶ್ರವಣ ಕೇಂದ್ರದಲ್ಲಿ ಕಿವಿ ಮಂದವಾದ ದೊಡ್ಡವರಿಗೆ ತುಟಿ ಓದುವುದನ್ನು ಕಲಿಸುವವಳು. ಎದುರಿನವರ ಬಾಯಿ ನೋಡಿ ಮಾತು ಹಿಡಿಯುವ ವಿದ್ಯೆ. ಸೋಮವಾರ, ಬುಧವಾರ, ಶುಕ್ರವಾರ ಬೆಳಗ್ಗೆ ಒಂದೂವರೆ ಗಂಟೆ ಆರು ಜನ ನನ್ನ ಬಾಯನ್ನೇ ಕಣ್ಣು ಮಿಟುಕಿಸದೆ ನೋಡುತ್ತಾರೆ. "ನೋಡಿ, ಇನ್ನೂ ಸರಿಯಾಗಿ ನೋಡಿ" ಎಂದು ಹೇಳಿಕೊಡುವವಳೂ ನಾನೇ. ಹುಣ್ಣು ಅಂಗೈಯಲ್ಲಿದ್ದರೆ ಕನ್ನಡಿ ಬೇಡವಂತೆ. ಗದ್ದದ ಮೇಲಿದ್ದರೆ ಆರು ಕನ್ನಡಿ, ವಾರಕ್ಕೆ ಮೂರು ಸಲ.

ಸಂಜೆ ಔಷಧಿ ಅಂಗಡಿಗೆ ಹೋದೆ. ಅಲ್ಲಿನ ಹೆಂಗಸು ಕನ್ನಡಕ ಮೂಗಿನ ತುದಿಗಿಳಿಸಿ ನನ್ನ ಮುಖ ನೋಡಿದಳು.

"ಇಲ್ಲೀವರೆಗೆ ಏನೇನು ಹಚ್ಚಿದ್ದೀಯಮ್ಮ? ಮುಚ್ಚಿಡದೆ ಹೇಳು."

ಹೇಳಿದೆ. ಹರಳುಹರಳಾದ ಸ್ಕ್ರಬ್, ಟೂತ್‌ಪೇಸ್ಟ್, ಪಕ್ಕದ ಮನೆಯಾಕೆ ಕೊಟ್ಟ ಹೆಸರಿಲ್ಲದ ಬಿಳಿ ಕ್ರೀಮು.

"ಅಯ್ಯೋ, ಆ ಮುಖ ನಿನಗೇನು ದ್ರೋಹ ಮಾಡಿತ್ತು?" ಎಂದು ಒಳಗಿನಿಂದ ಬೆರಳುದ್ದದ ಕಂದು ಬಾಟಲಿ ತಂದಿಟ್ಟಳು. ಮ್ಯಾಂಡೆಲಿಕ್ ಆಸಿಡ್. ಮೊದಲಿಗೆ ಕಹಿ ಬಾದಾಮಿಯಿಂದ ತೆಗೆದದ್ದಂತೆ. ಇದರ ಕಣ ದೊಡ್ಡದು, ಹಾಗಾಗಿ ಚರ್ಮದೊಳಗೆ ನಿಧಾನಕ್ಕೆ ಇಳಿಯುತ್ತದೆ, ಅದಕ್ಕೇ ಉರಿ ಕಡಿಮೆ, ಕಂದು ಬಣ್ಣದ ಚರ್ಮಕ್ಕೂ ಸಾಮಾನ್ಯವಾಗಿ ಒಗ್ಗುತ್ತದೆ ಅಂದಳು. "ಮೂರು ದಿನಕ್ಕೊಮ್ಮೆ, ಮಲಗೋ ಮುಂಚೆ, ಒಣಗಿದ ಮುಖಕ್ಕೆ ತೆಳ್ಳಗೆ. ತುಟಿ ಅಂಚಿಗೆ, ಕಣ್ಣಿನ ಹತ್ತಿರ ಬೇಡ. ಆಮೇಲೆ ಸಾದಾ ಕ್ರೀಮು. ಹಗಲು ಹೊತ್ತು ಸನ್‌ಸ್ಕ್ರೀನ್ ಹಚ್ಚದೆ ಹೊಸ್ತಿಲು ದಾಟಬೇಡ."

"ಎಷ್ಟರಲ್ಲಿ ಹೋಗುತ್ತೆ?"

"ಎಂಟರಿಂದ ಹನ್ನೆರಡು."

"ದಿನ?"

"ವಾರ ಕಣಮ್ಮ."

ಬಾಟಲಿ ವಾಪಸ್ ಕೊಟ್ಟುಬಿಡೋಣ ಅನ್ನಿಸಿತು. ಆದರೂ ತೆಗೆದುಕೊಂಡು ಬಂದೆ.


ಮಾರ್ಚ್ 5, ಬುಧವಾರ

ತರಗತಿಗೆ ಹೊಸಬರೊಬ್ಬರು ಬಂದಿದ್ದಾರೆ. ಅರವತ್ತೆರಡು ವರ್ಷ. ಗುದ್ದಿಸಿಕೊಂಡು ಬಂದ ಕಾರುಗಳ ತಗಡನ್ನು ಬಡಿದು ನೇರ ಮಾಡುವ ಕೆಲಸ, ನಲವತ್ತು ವರ್ಷದಿಂದ. ಸುತ್ತಿಗೆ ಸದ್ದಿಗೆ ಕಿವಿ ಹೋಗಿದೆ. ಎಲ್ಲರೂ ಮೇಸ್ತ್ರಿ ಅನ್ನುತ್ತಾರೆ, ನೀವೂ ಹಾಗೇ ಕರೀರಿ ಅಂದರು. ಕಿವಿಗೆ ಮೆಷಿನ್ ಇದೆ, ಹತ್ತಿರದಿಂದ ಗಟ್ಟಿಯಾಗಿ ಹೇಳಿದರೆ ಅರ್ಧ ಕೇಳುತ್ತದೆ.

ಯಾಕೆ ಕಲಿಯಬೇಕು ಅಂತ ಎಲ್ಲರನ್ನೂ ಮೊದಲ ದಿನ ಕೇಳುತ್ತೇನೆ. ಮದುವೆ ಮನೇಲಿ ಪೆದ್ದನ ಹಾಗೆ ನಗಬೇಕಾಗುತ್ತೆ, ಮೊಮ್ಮಕ್ಕಳು ಬೇಜಾರು ಮಾಡಿಕೊಳ್ಳುತ್ತಾರೆ, ಇಂಥವೇ ಕಾರಣ. ಮೇಸ್ತ್ರಿ ಎದ್ದು ನಿಂತು ಶಾಲೆ ಹುಡುಗನ ಹಾಗೆ ಕೈ ಕಟ್ಟಿಕೊಂಡು ಹೇಳಿದರು:

"ನನ್ನ ಹೆಂಡತಿಗೆ ಗಂಟಲಲ್ಲಿ ಕ್ಯಾನ್ಸರ್. ಮೇ ತಿಂಗಳು ಹದಿನಾರಕ್ಕೆ ಆಪರೇಷನ್. ಧ್ವನಿಪೆಟ್ಟಿಗೇನೇ ತೆಗೀತಾರಂತೆ. ಆಮೇಲೆ ಅವಳ ಬಾಯಿ ಆಡುತ್ತೆ, ಸದ್ದು ಇರಲ್ಲ. ನನಗೆ ಸದ್ದೇ ಕೇಳಲ್ಲ. ಬಾಯಾದರೂ ಓದಬೇಕಲ್ಲ, ಟೀಚರಮ್ಮ."

ಕೂತಿದ್ದವರಲ್ಲಿ ಅರ್ಧ ಜನಕ್ಕೆ ಇದು ಕೇಳಿಸಲೇ ಇಲ್ಲ.

ಆಸಿಡ್ಡಿನ ಮೊದಲ ದಿನ. ಸ್ವಲ್ಪ ಜುಮುಜುಮು, ಅಷ್ಟೇ.


ಮಾರ್ಚ್ 14, ಶುಕ್ರವಾರ

ಏನೂ ಬದಲಾಗಿಲ್ಲ. ಹನ್ನೆರಡು ಇದ್ದದ್ದು ಹದಿಮೂರಾಗಿದೆ.

ಕೇಂದ್ರದ ಮೇಡಂ ಕೋಣೆಗೆ ಕರೆದು, ಮನೆಯಲ್ಲಿ ಅಭ್ಯಾಸ ಮಾಡಲು ಪಾಠದ ವಿಡಿಯೊ ಮಾಡಿಕೊಡು ಅಂದರು. "ನಿನ್ನ ಬಾಯಿ ಪರದೆ ತುಂಬ ಬರಬೇಕು. ಮೂಗಿನಿಂದ ಗದ್ದದವರೆಗೆ ಸಾಕು."

ಸಾಕಂತೆ! ನನ್ನ ಮುಖದಲ್ಲಿ ಯಾವ ಭಾಗ ತೋರಿಸಬಾರದೋ ಅಷ್ಟೇ ಸಾಕಂತೆ. ಮುಂದಿನ ತಿಂಗಳು ಮಾಡೋಣ ಅಂದೆ.

"ಯಾಕೆ?"

"ಸ್ವಲ್ಪ ನೆಗಡಿ."

ತಿಂಗಳಿಡೀ ಇರುವ ನೆಗಡಿ ಯಾವುದು ಅಂತ ಕೇಳಲಿಲ್ಲ, ಪುಣ್ಯ.


ಮಾರ್ಚ್ 21, ಶುಕ್ರವಾರ

ಮೂರನೇ ವಾರ. ವಾಸಿಯಾಗುವುದಿರಲಿ, ಒಳಗೆ ಅಡಗಿದ್ದವೆಲ್ಲ ಮೆರವಣಿಗೆ ಹೊರಟ ಹಾಗೆ ಮೇಲೆ ಬಂದಿವೆ. ಎಣಿಸುವುದನ್ನು ಹತ್ತೊಂಬತ್ತಕ್ಕೆ ನಿಲ್ಲಿಸಿದೆ. ಔಷಧಿ ಅಂಗಡಿಗೆ ಫೋನ್ ಮಾಡಿ ಜಗಳ ಆಡುವ ಧಾಟಿಯಲ್ಲೇ ಮಾತಾಡಿದೆ. "ಕೆಲವರಿಗೆ ಮೊದಲು ಹೀಗಾಗುತ್ತೆ. ಒಳಗೆ ಕಟ್ಟಿಕೊಂಡಿದ್ದು ಹೊರಗೆ ಬರುತ್ತೆ. ಕೈ ಹಾಕಬೇಡ, ಜಾಸ್ತಿ ಹಚ್ಚಬೇಡ" ಅಂದಳು. ಮಾತೇನೋ ಸುಲಭ, ಮುಖ ಅವಳದಲ್ಲವಲ್ಲ.

ತರಗತಿಯಲ್ಲಿ ಮೇಜನ್ನು ಕಿಟಕಿಯ ಪಕ್ಕಕ್ಕೆ ಎಳೆದುಕೊಂಡೆ. ಬೆಳಕು ಬೆನ್ನ ಹಿಂದಿದ್ದರೆ ನಿಂತುಕೊಳ್ಳುವುದು ಸುಲಭ. ಮೇಸ್ತ್ರಿ ಇವತ್ತು ಪದೇ ಪದೇ ತಪ್ಪಿದರು. ಮರ, ಬರ, ಪರ ಮೂರಕ್ಕೂ ತುಟಿ ಒಂದೇ ಥರ ಮುಚ್ಚುತ್ತದೆ, ವಾಕ್ಯ ನೋಡಿ ಊಹಿಸಬೇಕು ಅಂತ ಎಷ್ಟು ಸಲ ಹೇಳಿದರೂ ಅಷ್ಟೇ. ಕೊನೆಗೆ ನನ್ನ ದನಿಯೇ ಸ್ವಲ್ಪ ಏರಿತು. ಕಿವಿ ಕೇಳದವರಿಗೂ ಅದು ತಿಳಿಯಿತು.

"ಬಯ್ಕೊಳ್ಳಿ ಟೀಚರಮ್ಮ. ತಗಡು ಬಡಿದೂ ಬಡಿದೂ ತಲೇನೂ ತಗಡಾಗಿದೆ."

ಕ್ಷಮಿಸಿ ಅನ್ನಬೇಕಿತ್ತು. ಗದ್ದ ತುರಿಸುತ್ತಿತ್ತು, ಮುಂದಿನ ವಾಕ್ಯಕ್ಕೆ ಹೋದೆ.


ಮಾರ್ಚ್ 26, ಬುಧವಾರ

ಇವತ್ತಿನ ಅವಮಾನ ಬರೆದಿಡದಿದ್ದರೆ ನಿದ್ದೆ ಬರುವುದಿಲ್ಲ.

ಕೊನೆಯ ಹತ್ತು ನಿಮಿಷ ಒಬ್ಬೊಬ್ಬರ ಜೊತೆ ಲೋಕಾಭಿರಾಮ ಮಾತಾಡುವುದು ರೂಢಿ. ಮೆಷಿನ್ ತೆಗೆದಿಟ್ಟು ಬರೀ ತುಟಿ ನೋಡಬೇಕು. ಮೇಸ್ತ್ರಿ ಕೇಳಿದರು, "ಯಾಕೆ ಟೀಚರಮ್ಮ ಈಚೆಗೆ ಕೈ ಅಡ್ಡ ಇಟ್ಕೊಂಡೇ ಮಾತಾಡ್ತೀರಿ? ಹಲ್ಲು ನೋವಾ?"

ನೇರವಾಗಿ ಕೇಳಿದ್ದಕ್ಕೆ ನೇರವಾಗೇ ಹೇಳಿದೆ. "ಮೊಡವೆ. ತುಂಬಾ ಆಗಿದೆ. ಔಷಧಿ ಹಚ್ತಾ ಇದ್ದೀನಿ."

ಅವರ ಮುಖ ಅರಳಿತು. ಎದ್ದು ನಿಂತು ಎರಡೂ ಕೈ ಎತ್ತಿ, ಇಡೀ ಕಟ್ಟಡಕ್ಕೆ ಕೇಳುವ ಹಾಗೆ: "ಒಳ್ಳೇದಾಗಲಿ! ಮದುವೆ ಯಾವಾಗ?"

ಮಿಕ್ಕ ಆರೂ ಜನ ಅವರ ಸಂಭ್ರಮ ನೋಡಿ ಚಪ್ಪಾಳೆ ತಟ್ಟಿದರು. ನಾನು "ಮದುವೆ ಅಲ್ಲ, ಮೊಡವೆ" ಅಂದೆ. ಕೈ ಅಡ್ಡ ಇತ್ತು. "ಹೌದೌದು, ಮದುವೆ" ಅಂತ ತಲೆಯಾಡಿಸಿದರು. ಮೂರನೇ ಸಲ ಕಿರುಚಿದೆ. ಪಕ್ಕದ ಕೋಣೆಯಲ್ಲಿ ಶ್ರವಣ ಪರೀಕ್ಷೆ ಮಾಡುತ್ತಿದ್ದವಳು ಬಾಗಿಲು ತೆಗೆದು ನೋಡಿದಳು. ಇಡೀ ಕೇಂದ್ರಕ್ಕೆ ಈಗ ನನ್ನ ಮೊಡವೆಯ ಸುದ್ದಿ ಗೊತ್ತು. ಅಮ್ಮನಿಗೆ ಹೇಳಿದರೆ ಬಿದ್ದು ಬಿದ್ದು ನಕ್ಕಳು. "ಯಾವುದೋ ಒಂದು ಆಯ್ತಲ್ಲ ಬಿಡೇ!"

ಎಂಟು ವಾರ ಕಾಯಲು ನನ್ನಿಂದ ಆಗದು.


ಮಾರ್ಚ್ 30, ಭಾನುವಾರ

ಗುರುವಾರ, ಶುಕ್ರವಾರ, ಶನಿವಾರ ಬಿಡದೆ ಹಚ್ಚಿದೆ. ನಿನ್ನೆ ಅದಕ್ಕೂ ಮುಂಚೆ ಹಳೇ ಸ್ಕ್ರಬ್ ಹಾಕಿ ತಿಕ್ಕಿದೆ. ತುಟಿಯ ತುದಿಯಲ್ಲಿರುವ ಯಜಮಾನನಿಗೆ ಎರಡು ಪಾಲು ಹಚ್ಚಿದೆ.

ಬೆಳಗ್ಗೆ ಗದ್ದ ಬೆಂದ ಹಾಗಿದೆ. ತುಟಿಯ ಎರಡೂ ತುದಿ ಬಿರಿದಿವೆ. ನೀರು ತಗುಲಿದರೂ ಪ್ರಾಣ ಹೋಗುತ್ತದೆ.


ಮಾರ್ಚ್ 31, ಸೋಮವಾರ

ರಜೆ. ಬಾಯಿ ತೆರೆಯಲಾಗುತ್ತಿಲ್ಲ.


ಏಪ್ರಿಲ್ 2, ಬುಧವಾರ

ರಜೆ. 'ಆ' ಅನ್ನಲು ನೋಡಿದೆ. ರಕ್ತ ಬಂತು. ಗಂಜಿ, ಅದೂ ಚಮಚದಲ್ಲಿ. ಅಮ್ಮ ಇವತ್ತು ತಮಾಷೆ ಮಾಡಲಿಲ್ಲ. ಅದೇ ಹೆಚ್ಚು ಹೆದರಿಕೆಯಾಯಿತು.


ಏಪ್ರಿಲ್ 4, ಶುಕ್ರವಾರ

ಇವತ್ತೂ ರಜೆ. ಔಷಧಿ ಅಂಗಡಿಯಾಕೆ ನನ್ನನ್ನು ನೋಡಿದವಳೇ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು.

"ಮೂರು ದಿನಕ್ಕೊಮ್ಮೆ ಅಂದಿದ್ದೆ."

"ಹೂಂ."

"ತುಟಿ ಅಂಚಿಗೆ ಬೇಡ ಅಂದಿದ್ದೆ."

"ಹೂಂ."

"ಮೆತ್ತಗಿರೋ ಔಷಧಿಯಿಂದ ಸುಟ್ಟುಕೊಂಡವಳನ್ನ ಇವತ್ತೇ ನೋಡ್ತಿರೋದು. ಮಗುವಿನ ಕೈಗೆ ಕತ್ತರಿ ಕೊಟ್ಟಂಗಾಯ್ತು." ಎರಡು ವಾರ ಎಲ್ಲ ಬಂದ್. ಸಾದಾ ಕ್ರೀಮು, ತಣ್ಣೀರು, ಸನ್‌ಸ್ಕ್ರೀನ್ ಅಷ್ಟೇ. ವಾರದಲ್ಲಿ ಉರಿ ಇಳಿಯದಿದ್ದರೆ ಚರ್ಮದ ಡಾಕ್ಟರ ಹತ್ತಿರ ಹೋಗು ಎಂದು ಚೀಟಿಯಲ್ಲಿ ವಿಳಾಸ ಬರೆದುಕೊಟ್ಟಳು. ಆಮೇಲೆ ಮತ್ತೆ ಶುರು ಮಾಡುವುದಾದರೆ ವಾರಕ್ಕೆ ಎರಡೇ ಸಲವಂತೆ. ಅಂದರೆ ಒಂದು ತಿಂಗಳು ನೀರಿನಲ್ಲಿ ಹೋಮ. ತಪ್ಪು ನನ್ನದೇ ಅನ್ನುವುದು ಗೊತ್ತಿದ್ದೂ ಅವಳ ಮೇಲೇ ಸಿಟ್ಟು ಬಂತು.


ಏಪ್ರಿಲ್ 7, ಸೋಮವಾರ

ಕೆಲಸಕ್ಕೆ ಹೋದೆ. ಮೇಸ್ತ್ರಿಯ ಕುರ್ಚಿ ಖಾಲಿ.

ತರಗತಿ ಮುಗಿದ ಮೇಲೆ ಮೇಡಂ ಕರೆದರು. ಹೋದ ವಾರ ಮೂರು ದಿನವೂ ಮೇಸ್ತ್ರಿ ಬಂದಿದ್ದರಂತೆ. ತರಗತಿ ಇಲ್ಲ ಅಂತ ಎರಡು ಸಲ ಹೇಳಿ ಕಳಿಸಿದರೂ ಮೂರನೇ ಸಲ ಬಂದು ಖಾಲಿ ಕೋಣೆಯಲ್ಲಿ ಅರ್ಧ ಗಂಟೆ ಕೂತು ಹೋದರಂತೆ. ಆಪರೇಷನ್ ಮೂರು ವಾರ ಮುಂಚೆಗೆ ಬಂದಿದೆ: ಏಪ್ರಿಲ್ 25. ಗಡ್ಡೆ ಬೆಳೆಯುತ್ತಿದೆ, ಕಾಯುವ ಹಾಗಿಲ್ಲ ಅಂದಿದ್ದಾರಂತೆ ಡಾಕ್ಟರು. ಮೇಸ್ತ್ರಿ ಇನ್ನು ಬರುವುದಿಲ್ಲ ಎಂದು ಹೇಳಿ ಹೋಗಿದ್ದಾರೆ. "ತಲೆಗೆ ಹತ್ತುತ್ತಿಲ್ಲ, ಟೀಚರಮ್ಮನಿಗೆ ಸುಮ್ಮನೆ ತೊಂದರೆ" ಅಂದರಂತೆ.

"ಮನೇಲಿ ನೋಡ್ಕೊಳ್ಳೋಕೆ ವಿಡಿಯೊ ಇದೆಯಾ ಅಂತ ಕೇಳಿದರು. ಇಲ್ಲ ಅಂದೆ" ಎಂದರು ಮೇಡಂ.

ಹೊರಗೆ ಬಸ್ ನಿಲ್ದಾಣದಲ್ಲಿ ನನ್ನ ತರಗತಿಗೆ ಬರುವ ಗ್ರಂಥಪಾಲಕಿ ಸಿಕ್ಕರು. ಮೆತ್ತಗಿನ ಹೆಂಗಸು, ಯಾರ ಮನಸ್ಸನ್ನೂ ನೋಯಿಸುವವರಲ್ಲ. "ಒಂದು ಮಾತು ಹೇಳಿದರೆ ಬೇಜಾರಿಲ್ಲ ತಾನೇ?" ಎಂದು ಶುರು ಮಾಡಿದರು. "ನೀವು ಕಿಟಕಿಗೆ ಬೆನ್ನು ಹಾಕಿ ನಿಲ್ತೀರಿ. ನಿಮ್ಮ ಮುಖ ನಮಗೆ ಕಪ್ಪಗೆ ಕಾಣುತ್ತೆ. ಕೈ ಬೇರೆ ಅಡ್ಡ. ಮೇಸ್ತ್ರಿಗಳಿಗೆ ಮಾತ್ರ ಅಲ್ಲ, ಯಾರಿಗೂ ಏನೂ ತಿಳೀತಿರಲಿಲ್ಲ. ನಾವು ಊಹೆ ಮೇಲೆ ಹೂಂ ಅಂತಿದ್ವಿ. ಅವರಿಗೆ ಸುಳ್ಳು ಹೂಂ ಹೇಳೋಕೆ ಬರಲ್ಲ, ಅಷ್ಟೇ."

ಬೆಳಕು ಮಾತಾಡುವವರ ಮುಖದ ಮೇಲಿರಬೇಕು. ಮೊದಲ ದಿನದ ಮೊದಲ ಪಾಠ. ಹನ್ನೊಂದು ವರ್ಷದಿಂದ ನಾನೇ ಬೋರ್ಡಿನ ಮೇಲೆ ಬರೆಯುತ್ತಿರುವ ವಾಕ್ಯ.




ಏಪ್ರಿಲ್ 9, ಬುಧವಾರ

ವಿಳಾಸ ಕೇಳಿಕೊಂಡು ಮೇಸ್ತ್ರಿಯ ಮನೆಗೆ ಹೋದೆ. ಕೆಳಗೆ ಗ್ಯಾರೇಜು, ಮೇಲೆ ಎರಡು ಕೋಣೆ. ಮೇಸ್ತ್ರಿ ಕಾರಿನ ಬಾಗಿಲೊಂದನ್ನು ತೊಡೆಯ ಮೇಲೆ ಮಲಗಿಸಿಕೊಂಡು, ತಗ್ಗು ತುಂಬಲು ಪುಟ್ಟಿ ಮೆತ್ತಿದ ಜಾಗವನ್ನು ನೀರು ಚಿಮುಕಿಸಿ ನುಣ್ಣನೆಯ ಎಮರಿ ಕಾಗದದಲ್ಲಿ ಉಜ್ಜುತ್ತಿದ್ದರು. ನನ್ನ ನೆರಳು ಬಿದ್ದ ಮೇಲೆ ತಲೆ ಎತ್ತಿದರು. ಬೇಜಾರಿಲ್ಲದ ಮುಖ. ಬಯ್ದಿದ್ದರೆ ಚೆನ್ನಾಗಿತ್ತು.

ಬಿಸಿಲಿಗೆ ಮುಖ ಮಾಡಿ ನಿಂತು, ನಿಧಾನವಾಗಿ ಹೇಳಿದೆ: "ತಪ್ಪು ನಿಮ್ಮದಲ್ಲ. ನಾನು ಕತ್ತಲಲ್ಲಿ ನಿಂತು ಪಾಠ ಮಾಡಿದೆ." ಅವರು ನನ್ನ ಬಾಯನ್ನೇ ನೋಡಿದರು. ಸಿಪ್ಪೆ ಏಳುತ್ತಿರುವ ಗದ್ದ, ಕಪ್ಪುಗಟ್ಟಿದ ತುಟಿಯಂಚು, ಎಲ್ಲ. ಅದನ್ನೇ ಮತ್ತೆ ತಮ್ಮ ಬಾಯಲ್ಲಿ ಹೇಳಿ ಸರಿಯೇ ಅಂತ ಕೇಳಿದರು. ಒಂದಕ್ಷರ ತಪ್ಪಿರಲಿಲ್ಲ.

"ಮೇಲೆ ಬನ್ನಿ. ಅವಳೂ ಇದ್ದಾಳೆ."

ಅವರ ಹೆಂಡತಿ ಟೈಲರ್. ಹೊಲಿಗೆ ಮೆಷಿನ್ನಿನ ಮುಂದೆ ಕೂತಿದ್ದರು, ತುಟಿಗಳ ನಡುವೆ ನಾಲ್ಕು ಗುಂಡುಸೂಜಿ. ಸೂಜಿ ತೆಗೆಯದೆಯೇ "ಬನ್ನಿ, ಕೂತ್ಕೊಳ್ಳಿ" ಅಂದರು. ದನಿ ಒಡೆದ ಪೀಪಿಯ ಹಾಗಿದೆ. ಎರಡೇ ನಿಮಿಷದಲ್ಲಿ ನನಗೆ ಇನ್ನೊಂದು ಸಂಗತಿ ಹೊಳೆಯಿತು. ಈಕೆ ಮಾತಾಡುವಾಗ ತುಟಿ ಅಲ್ಲಾಡುವುದೇ ಇಲ್ಲ. ಮೂವತ್ತು ವರ್ಷ ಸೂಜಿ ಕಚ್ಚಿಕೊಂಡು ಮಾತಾಡಿದ ಅಭ್ಯಾಸ. ಸೂಜಿ ಇಲ್ಲದಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಾರೆ. ಮೇಸ್ತ್ರಿ ನನ್ನ ತುಟಿ ಎಷ್ಟು ಚೆನ್ನಾಗಿ ಓದಿದರೇನು? ಓದಬೇಕಾದದ್ದು ಈ ಬಾಯಿ.

"ಅಮ್ಮಾ, ನೀವು ಮಾತಾಡುವಾಗ ಕೈ ತೆಗೀಬೇಕು. ಅವರಿಗೆ ಕಾಣಬೇಕು" ಅಂದೆ.

"ಅದಾಗಲ್ಲ ಕಣಮ್ಮ. ದಾರ ಕಚ್ಚಿ ಕಚ್ಚಿ ಮುಂದಿನ ಹಲ್ಲು ಸವೆದು ಗೀರು ಬಿದ್ದಿದೆ. ಗಿರಾಕಿಗಳ ಮುಂದೆ ನಾಚಿಕೆ."

"ಇವರು ಗಿರಾಕಿ ಅಲ್ಲವಲ್ಲ. ಗಂಡನ ಮುಂದೆ ಎಂಥ ನಾಚಿಕೆ?"

ಆಕೆ ನನ್ನನ್ನೇ ನೋಡಿದರು. "ಮತ್ತೆ ನೀವ್ಯಾಕೆ ಗದ್ದ ಮುಚ್ಕೊಂಡು ಕೂತಿದ್ದೀರಿ?"

ನೋಡಿಕೊಂಡೆ. ಕೆಳಗೆ ಬಿಸಿಲಲ್ಲಿ ನಿಂತು ದೊಡ್ಡ ಮಾತಾಡಿ ಬಂದವಳು, ಮೇಲೆ ಬಂದು ಕುರ್ಚಿಯಲ್ಲಿ ಕೂತ ಕೂಡಲೇ ಕೈ ತಾನಾಗಿ ಗದ್ದಕ್ಕೆ ಹೋಗಿತ್ತು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಿಗೆ ಬಿತ್ತಂತೆ.

"ಮೊಡವೆ" ಅಂದೆ.

"ನನಗೆ ಹಲ್ಲು" ಅಂದರು.

ಕೈ ಇಳಿಸಿದೆ. ಆಕೆ ತಕ್ಷಣ ಇಳಿಸಲಿಲ್ಲ. ಸೂಜಿಗಳನ್ನು ಒಂದೊಂದಾಗಿ ದಿಂಬಿಗೆ ಚುಚ್ಚಿ, ಬಟ್ಟೆ ಮಡಚಿಟ್ಟು, ಗಂಡನ ಕಡೆ ತಿರುಗಿ ಬಾಯಿ ಬಿಟ್ಟು ಹೇಳಿದರು, "ರೀ, ಟೀಚರಿಗೆ ಟೀ ತನ್ನಿ." ಮೇಸ್ತ್ರಿ ನೀರು ತಂದರು. ಆಕೆಗೆ ಸಿಟ್ಟು, ಅವರಿಗೆ ಮುಜುಗರ. ಹದಿನಾರು ದಿನ ಉಳಿದಿದೆ.


ಏಪ್ರಿಲ್ 12, ಶನಿವಾರ

ವಿಡಿಯೊ ಮಾಡಿ ಮುಗಿಸಿದೆ. ಕಿಟಕಿಯ ಎದುರು ಕೂತು, ಒಟ್ಟು ಇಪ್ಪತ್ತೆರಡು ತುಣುಕು. ಪೌಡರ್ ಹಾಕಿದರೆ ಸಿಪ್ಪೆ ಇನ್ನೂ ಎದ್ದು ಕಾಣುತ್ತದೆ, ಹಾಗಾಗಿ ಏನೂ ಹಾಕಲಿಲ್ಲ. ಮುಗಿದ ಮೇಲೆ ವಿಡಿಯೊ ಒಮ್ಮೆ ಓಡಿಸಿ ನೋಡಿದೆ. ಪರದೆ ತುಂಬ ನನ್ನ ಗದ್ದ, ಗುಂಡಿ ಬಿದ್ದ ರಸ್ತೆ. ಅಸಹ್ಯ ಅನ್ನಿಸಿತು. ಹಾಗೇ ಮೇಡಂಗೂ ಮೇಸ್ತ್ರಿಗೂ ಕಳಿಸಿದೆ. ಇನ್ನೊಮ್ಮೆ ನೋಡಲಿಲ್ಲ.

ಬರೀ ನನ್ನದಲ್ಲ, ಟೈಲರಮ್ಮನ ಬಾಯಿಯದೂ ಮಾಡಬೇಕು.


ಏಪ್ರಿಲ್ 17, ಗುರುವಾರ

ದಿನಾ ಸಂಜೆ ಹೋಗುತ್ತಿದ್ದೇನೆ. ಪಾಠಕ್ಕಿಂತ ಜಗಳ ಬಿಡಿಸುವುದೇ ಹೆಚ್ಚು. ಮೇಸ್ತ್ರಿ ಮೆಷಿನ್ ತೆಗೆದು ಕೂರುತ್ತಾರೆ. ಆಕೆ ಸದ್ದಿಲ್ಲದೆ ಬಾಯಿ ಆಡಿಸುತ್ತಾರೆ. ಇವತ್ತು ಆಕೆ "ನಾಳೆ ನಿಮ್ಮ ತಂಗಿ ಬರ್ತಾಳೆ" ಅಂದದ್ದನ್ನು ಇವರು ಆರು ಸಲ ನೋಡಿಯೂ ಹಿಡಿಯಲಿಲ್ಲ. ಏಳನೇ ಸಲಕ್ಕೆ ಆಕೆ ತಾಳ್ಮೆ ಕಳೆದುಕೊಂಡು, ಇದ್ದ ಒಡಕು ದನಿಯಲ್ಲೇ ಕೂಗಿದರು:

"ಇದ್ದಾಗ ಕೇಳಲಿಲ್ಲ! ಮೂವತ್ತೈದು ವರ್ಷ ಹೇಳಿದ್ದು ಒಂದೂ ಕಿವಿಗೆ ಹಾಕ್ಕೊಳ್ಳಲಿಲ್ಲ. ಈಗ ಹೋಗೋ ಹೊತ್ತಿಗೆ ಕಲೀತೀರಾ?"

ಮೆಷಿನ್ ಇಲ್ಲದೆ ಅವರಿಗೆ ಅದು ಕೇಳಿಸಿರಲಾರದು. ಆದರೆ ಮುಖ ಸಪ್ಪಗಾಯಿತು. "ಇದು ಪೂರ್ತಿ ತಿಳೀತು" ಅಂದರು.

ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ಮೊದಲಿನಿಂದ ಶುರು ಮಾಡಿದರು. ನಾಳೆ. ನಿಮ್ಮ. ತಂಗಿ.

ಬರುವಾಗ ಬಸ್ಸಿನಲ್ಲಿ ಕೂತು ಅತ್ತೆ. ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯದೆ. ನಾನು ರಜೆ ಹಾಕಿದ ಮೂರು ದಿನ ಇವರಿಗೆ ಸಿಕ್ಕಿದ್ದರೆ!


ಏಪ್ರಿಲ್ 20, ಭಾನುವಾರ

ಎರಡು ವಾರ ಮುಗಿದು ಎರಡು ದಿನವಾಗಿತ್ತಂತೆ. ಅಮ್ಮ ನೆನಪಿಸಿದಳು. ಆಸಿಡ್ ಮತ್ತೆ ಶುರು. ಇನ್ನು ಬುಧವಾರ, ಭಾನುವಾರ ಮಾತ್ರ. ತೆಳ್ಳಗೆ, ತುಟಿಯಂಚು ಬಿಟ್ಟು.

ಮೇಸ್ತ್ರಿ ಇವತ್ತು ಹತ್ತಕ್ಕೆ ಆರು ವಾಕ್ಯ ಸರಿ ಹೇಳಿದರು. ಅಡಿಗೆ, ಗಿರಾಕಿ, ಬಾಗಿಲು ಇಂಥ ಮನೆಯ ಮಾತಾದರೆ ಬೇಗ ಹಿಡಿಯುತ್ತಾರೆ. ನಾನು ಬರೆದುಕೊಂಡು ಹೋದ ವಾಕ್ಯಗಳೇ ಅಡ್ಡಿ. ಆ ಹಾಳೆ ಹರಿದು ಬಿಸಾಡಿದೆ.


ಏಪ್ರಿಲ್ 24, ಗುರುವಾರ

ನಾಳೆ ಆಪರೇಷನ್. ಮಧ್ಯಾಹ್ನ ಆಸ್ಪತ್ರೆಗೆ ಸೇರುವ ಮುಂಚೆ ಕೊನೆಯ ಪಾಠ ಎಂದು ಬೆಳಗ್ಗೆಯೇ ಹೋದೆ. ಮೇಸ್ತ್ರಿ ಎಂದಿನಂತೆ ಮೆಷಿನ್ ತೆಗೆಯಲು ಕಿವಿಗೆ ಕೈ ಹಾಕಿದರು. ಟೈಲರಮ್ಮ ಆ ಕೈ ಹಿಡಿದುಕೊಂಡರು.

"ಇವತ್ತು ಪಾಠ ಬೇಡ. ಅದು ಕಿವೀಲೇ ಇರಲಿ."

ಆಮೇಲೆ ಅವರ ಕಿವಿಯ ಹತ್ತಿರ ಬಾಗಿ ಮಾತಾಡಿದರು. ಏನೂ ವಿಶೇಷವಿಲ್ಲ. ಕಪಾಟಿನ ಮೇಲಿನ ಅರೆಯಲ್ಲಿ ಉಣ್ಣೆ ಬಟ್ಟೆ ಇದೆ. ನೀಲಿ ಕೋಟಿಗೆ ಗುಂಡಿ ಹಾಕುವುದು ಬಾಕಿ, ಆ ಗಿರಾಕಿ ಬಂದರೆ ಕಾಯಲು ಹೇಳಿ. ಹಾಲು ಉಕ್ಕಿಸಬೇಡಿ. ಮೊದಲ ವರ್ಷ ಬಾಡಿಗೆ ಕೋಣೆಯಲ್ಲಿದ್ದಾಗ ನೀವು ಸುಳ್ಳು ಹೇಳಿ ಸಿನಿಮಾಕ್ಕೆ ಕರೆದುಕೊಂಡು ಹೋಗಿದ್ದಿರಿ, ಗೊತ್ತಿತ್ತು ನನಗೆ. ಒಂದು ಗಂಟೆ ಹೀಗೇ. ದನಿ ನಡುನಡುವೆ ಕೈಕೊಡುತ್ತಿತ್ತು, ನೀರು ಕುಡಿದು ಮತ್ತೆ ಶುರು ಮಾಡುತ್ತಿದ್ದರು. ಮೇಸ್ತ್ರಿ ಕಣ್ಣು ಮುಚ್ಚಿಕೊಂಡು ಕೂತಿದ್ದರು. ತುಟಿ ನೋಡಲೇ ಇಲ್ಲ.

ನಾನು ಸದ್ದು ಮಾಡದೆ ಎದ್ದು ಬಂದೆ. ಮೆಟ್ಟಿಲಿನವರೆಗೂ ಆ ದನಿ ಕೇಳುತ್ತಿತ್ತು.


ಏಪ್ರಿಲ್ 29, ಮಂಗಳವಾರ

ಆಪರೇಷನ್ ಸರಿಯಾಗಿ ಆಗಿದೆ ಅಂದರು ಡಾಕ್ಟರು. ಸರಿಯಾಗಿ ಆಗಿದ್ದು ಹೀಗಿರುತ್ತದೆಯೇ? ಕತ್ತಿನಲ್ಲಿ ಉಸಿರಿಗೊಂದು ತೂತು, ಮೂಗಿನಲ್ಲಿ ನಳಿಗೆ, ಮುಖ ಊದಿ ಗುರುತು ಸಿಗುವ ಹಾಗಿಲ್ಲ. ಡ್ರಿಪ್ ಹಾಕಿದ ಕೈಯಿಂದ ಬರೆಯಲೂ ಆಗುವುದಿಲ್ಲ.

ನಾನು ಹೋದಾಗ ಆಕೆ ಏನೋ ಹೇಳುತ್ತಿದ್ದರು. ಒಂದೇ ಶಬ್ದ, ಮತ್ತೆ ಮತ್ತೆ. ಮೇಸ್ತ್ರಿ "ಪಾತ್ರೆ? ಪಾತ್ರೆನಾ?" ಅಂತ ಕೇಳಿ, ವಾಂತಿ ಬರುತ್ತಿರಬೇಕು ಅಂದುಕೊಂಡು ಓಡಿಹೋಗಿ ಬೋಗುಣಿ ತಂದು ಹಿಡಿದರು. ಆಕೆ ತಳ್ಳಿದರು. ಅವರು ಮತ್ತೆ ಹಿಡಿದರು. ಆಕೆ ಇದ್ದ ಶಕ್ತಿಯೆಲ್ಲ ಹಾಕಿ ಹೊಡೆದ ಏಟಿಗೆ ಬೋಗುಣಿ ನೆಲಕ್ಕೆ ಬಿದ್ದು ಇಡೀ ವಾರ್ಡು ತಿರುಗಿ ನೋಡಿತು.

ಪಾತ್ರೆ ಅಲ್ಲ, ಮಾತ್ರೆ. ನೋವಿಗೆ ಮಾತ್ರೆ. ತುಟಿಯಲ್ಲಿ ಎರಡೂ ಒಂದೇ. ನರ್ಸ್ ಬಂದು ಅರೆದು ನಳಿಗೆಯಲ್ಲಿ ಹಾಕಿದರು.

ಕಾರಿಡಾರಿನಲ್ಲಿ ಮೇಸ್ತ್ರಿ ಗೋಡೆಗೆ ತಲೆ ಆನಿಸಿ ನಿಂತರು. "ಅವಳಿಗೆ ಪ್ರಾಣ ಹೋಗೋ ನೋವು. ನಾನು ಬೋಗುಣಿ ಹಿಡ್ಕೊಂಡು ನಿಂತಿದ್ದೆ."

"ಶಬ್ದ ಒಂದನ್ನೇ ನೋಡಬೇಡಿ, ಮುಖ ಪೂರ್ತಿ ನೋಡಿ. ಹುಬ್ಬು, ಕಣ್ಣು. ವಾಂತಿ ಬರೋರ ಮುಖ ಹಾಗಿರುತ್ತಾ? ತುಟಿ ಅರ್ಧ ಹೇಳುತ್ತೆ, ಉಳಿದರ್ಧ ಮುಖ ಹೇಳುತ್ತೆ" ಅಂದೆ. ಅವರಿಗೆ ಕಾಣಲಿ ಎಂದು ದೀಪದ ಕೆಳಗೆ ಬಂದು ಮತ್ತೆ ಹೇಳಿದೆ. ಅವರು ನನ್ನ ಮುಖ ಪೂರ್ತಿ ನೋಡಿ ತಲೆಯಾಡಿಸಿದರು. ಒಳಗೆ ಹೋದರು.

ಇದನ್ನು ಮೊದಲ ದಿನವೇ ಹೇಳಿಕೊಡಬೇಕಿತ್ತು. ಮುಖವನ್ನೇ ಅಡಗಿಸಿಕೊಂಡಿದ್ದವಳು ಹೇಗೆ ಹೇಳಿಕೊಡುತ್ತಿದ್ದೆ?


ಮೇ 3, ಶನಿವಾರ

ಅಮ್ಮನ ಬಿಪಿ ಮಾತ್ರೆಗೆಂದು ಔಷಧಿ ಅಂಗಡಿಗೆ ಹೋಗಿದ್ದೆ. "ಈಗ ಹೇಗಿದೆ?" ಎಂದು ಕೇಳಿದಳು ಆಕೆ.

"ಊತ ಇಳಿದಿದೆ. ಹೊಲಿಗೆ ಒಣಗ್ತಿದೆಯಂತೆ. ಇನ್ನೂ ನಳಿಗೆಯಲ್ಲೇ ಆಹಾರ. ಮುಂದಿನ ವಾರ ಬಾಯಿಗೆ ನೀರು ಕೊಡಬಹುದು ಅಂದಿದ್ದಾರೆ."

"ಏನಮ್ಮ ಹೇಳ್ತಿದ್ದೀಯ? ನಾನು ನಿನ್ನ ಮುಖ ಕೇಳಿದ್ದು!"

ಅವಳೇ ಕೈಗನ್ನಡಿ ತೆಗೆದು ಹಿಡಿದಳು. ಉಬ್ಬು ಬಹಳಷ್ಟು ಇಳಿದಿವೆ. ಎರಡೋ ಮೂರೋ ಹೊಸವು ಇವೆ. ಕಪ್ಪು ಕಲೆ ಹಾಗೇ ಇವೆ, ಅವು ಮಾಯಲು ತಿಂಗಳುಗಳು ಬೇಕಂತೆ. ಎಣಿಸುತ್ತ ನಿಲ್ಲಲು ಪುರುಸೊತ್ತಿರಲಿಲ್ಲ, ಆಸ್ಪತ್ರೆಯಲ್ಲಿ ನಾಲ್ಕರಿಂದ ಆರು ಮಾತ್ರ ಒಳಗೆ ಬಿಡುವುದು. ಬಸ್ಸು ತಪ್ಪಿತು, ಛೆ.


ಮೇ 9, ಶುಕ್ರವಾರ

ತರಗತಿ ಮುಗಿಸಿ ಆಸ್ಪತ್ರೆಗೆ ಹೋದೆ. ಮೂಗಿನ ನಳಿಗೆ ತೆಗೆದಿದ್ದಾರೆ. ಟೈಲರಮ್ಮ ದಿಂಬಿಗೆ ಒರಗಿ ಕೂತು, ನರ್ಸಿನ ಕೋಟಿನ ಅಂಚು ಹಿಡಿದು ಹೊಲಿಗೆ ಪರೀಕ್ಷಿಸುತ್ತಿದ್ದರು. ಮೆಚ್ಚಿಗೆ ಇರಲಿಲ್ಲ ಅನ್ನುವುದಕ್ಕೆ ತುಟಿ ಓದಬೇಕಿರಲಿಲ್ಲ.

ಮೇಸ್ತ್ರಿ ಮಂಚದ ಪಕ್ಕ ಕುರ್ಚಿಯಲ್ಲಿ. ನಾನು ತಂದಿದ್ದ ಪಾಠದ ಚೀಟಿಗಳನ್ನು ಕೈಯಲ್ಲಿ ಹಿಡಿದು ಯಾವುದರಿಂದ ಶುರು ಮಾಡಲಿ ಎಂದು ನೋಡುತ್ತಿದ್ದೆ. ಅಷ್ಟರಲ್ಲಿ ಬಾಗಿಲಿನಿಂದ ದೊಡ್ಡ ಡಾಕ್ಟರು ಬಂದರು, ಹಿಂದೆ ಐದಾರು ಜನ, ಎಲ್ಲರೂ ಅವರ ಹೆಜ್ಜೆಗೆ ಹೆಜ್ಜೆ ಹಾಕಿಕೊಂಡು. ಅವರು ಎದುರಿನ ಮಂಚದ ಹತ್ತಿರ ನಿಂತು ಏನೋ ಭಾಷಣ ಮಾಡುತ್ತಿದ್ದಾಗ ಟೈಲರಮ್ಮ ಗಂಡನ ಕಡೆ ತಿರುಗಿ ಬಾಯಿ ಆಡಿಸಿದರು. ಉದ್ದದ ಮಾತು. ಬಲು ವೇಗ, ತುಟಿಯ ಒಂದೇ ಬದಿಯಿಂದ. ಹಾಗೆ ಮಾತಾಡಬಾರದು ಎಂದು ನೂರು ಸಲ ಹೇಳಿಕೊಟ್ಟಿದ್ದೇನೆ. ಹನ್ನೊಂದು ವರ್ಷದ ಟೀಚರು ನಾನು, ಒಂದು ಶಬ್ದವೂ ಸಿಕ್ಕಲಿಲ್ಲ.

ಮೇಸ್ತ್ರಿ ಒಂದು ಕ್ಷಣ ಆಕೆಯ ಮುಖವನ್ನೇ ನೋಡಿದರು. ಮತ್ತೊಮ್ಮೆ ಹೇಳು ಅನ್ನಲಿಲ್ಲ. ಆಮೇಲೆ ಅವರ ಭುಜ ಅಲುಗಲು ಶುರುವಾಯಿತು. ತಡೆದುಕೊಳ್ಳಲು ನೋಡಿ ಆಗದೆ, ಕಿವಿ ಕೇಳದವರು ನಗುವ ಹಾಗೆ ಹದವಿಲ್ಲದೆ ಗೊಳ್ಳೆಂದರು. ದೊಡ್ಡ ಡಾಕ್ಟರು ಭಾಷಣ ನಿಲ್ಲಿಸಿ ತಿರುಗಿ ನೋಡಿದರು. ಟೈಲರಮ್ಮ ಏನೂ ಅರಿಯದವರ ಹಾಗೆ ಹೊದಿಕೆ ಸರಿಮಾಡಿಕೊಂಡರು.

"ಏನಂದ್ರು?" ಅಂತ ಮೇಸ್ತ್ರಿಯನ್ನು ಕೇಳಿದೆ.

ಅವರು ಕಣ್ಣೊರೆಸಿಕೊಂಡು, ಹೆಂಡತಿಯನ್ನೊಮ್ಮೆ ನೋಡಿ, ತಲೆಯಾಡಿಸಿದರು. "ಅದು ನಿಮ್ಮ ಸಿಲಬಸ್ಸಿನಲ್ಲಿಲ್ಲ, ಟೀಚರಮ್ಮ."

ಮೂರು ಸಲ ಕೇಳಿದೆ. ಇಬ್ಬರೂ ಹೇಳಲಿಲ್ಲ.